ಬೂದುಬಣ್ಣದ ಹೆಸರು

ಶ್ರೀ ಅಂತ ಹಾಕಿದರೆ ಅಪ್ಪ ಬದುಕಿದ್ದಾನೆ ಎಂದಾಗುತ್ತದೆ. ಲಿಂ. ಅಂತ ಹಾಕಿದರೆ ಲಿಂಗೈಕ್ಯನಾಗಿದ್ದಾನೆ, ಅಂದರೆ ಸತ್ತಿದ್ದಾನೆ ಎಂದಾಗುತ್ತದೆ. ಎರಡರಲ್ಲಿ ಯಾವುದೆಂದು ಇವತ್ತು ಮಧ್ಯಾಹ್ನದೊಳಗೆ ಹರಿಹರದ ನೌಮಾನನ ಪ್ರೆಸ್ಸಿಗೆ ಹೇಳಬೇಕಿತ್ತು. ನಿಟ್ಟುವಳ್ಳಿಯ ಮನೆಯ ಹಿತ್ತಲ ನಲ್ಲಿಯ ಹತ್ತಿರ ಹಲ್ಲುಜ್ಜುತ್ತ ನಿಂತಿದ್ದ ಸಂತೋಷ, ಬಾಯಿತುಂಬ ನೊರೆ ಇಟ್ಟುಕೊಂಡೇ, ಒಮ್ಮೆ ಇದನ್ನು ಒಮ್ಮೆ ಅದನ್ನು ಮನಸ್ಸಿನಲ್ಲಿ ಓದಿ ನೋಡಿದ. ಶ್ರೀ ಬಕ್ಕೇಶಪ್ಪನವರ ಪುತ್ರಿ. ಲಿಂ. ಬಕ್ಕೇಶಪ್ಪನವರ ಪುತ್ರಿ. ಎರಡನೆಯದು ಓದಲು ಸಲೀಸಾಗಿತ್ತು, ಎಲ್ಲೂ ತಡೆಯುತ್ತಿರಲಿಲ್ಲ. ಹೀಗೆ ಅನ್ನಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ತಂಗಿಯ ಮದುವೆಯ ಕಾರ್ಡಿನಲ್ಲಿ ಅಪ್ಪನನ್ನು ಸಾಯಿಸಿದರೆ ಅಕ್ಷರ ಚೆನ್ನಾಗಿ ಕೂಡುತ್ತದೆ ಎಂದು ಯೋಚಿಸುವ ಮಗ ಈ ಊರಲ್ಲಿ ಇನ್ನೊಬ್ಬ ಇರಲಾರ. ನೊರೆ ಉಗುಳಿ ಮುಖಕ್ಕೆ ನೀರು ಎರಚಿಕೊಂಡ. ಟವೆಲ್ಲು ತರುವುದನ್ನು ಮರೆತಿದ್ದ.

ಅಡುಗೆಮನೆಯಲ್ಲಿ ಅವ್ವ, ಗುರುಶಾಂತಮ್ಮ, ರೊಟ್ಟಿ ತಟ್ಟುತ್ತಿದ್ದಳು. ಹಣೆಯ ಮೇಲೆ ವಿಭೂತಿ, ಅದರ ನಡುವೆ ಬೊಟ್ಟು ಗಾತ್ರದ ಕುಂಕುಮ. ಏಳು ವರ್ಷದಿಂದ ಆ ಕುಂಕುಮವನ್ನು ಸಂತೋಷ ನೇರವಾಗಿ ನೋಡಿದ್ದೇ ಕಡಿಮೆ. ಚಪ್ಪಲಿ ಹೊಲಿಸಿಕೊಂಡು ಬರ್ತೀನಿ ಎಂದು ಹೊರಟ ಅಪ್ಪ ಹರಿದ ಚಪ್ಪಲಿಯನ್ನು ಕವರಿನಲ್ಲಿ ಹಿಡಿದು, ಸಂತೋಷನ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹೋದವನು ತಿರುಗಿ ಬರಲಿಲ್ಲ. ಜಗಳವಿಲ್ಲ, ಕಾಯಿಲೆಯಿಲ್ಲ, ಬಿಟ್ಟು ಹೋದ ಮಾತಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನೋಡಿದೆ ಎಂದವರಿದ್ದರು, ಗದಗಿನ ಕಡೆ ಒಂದು ಮಠದಲ್ಲಿ ಊಟಕ್ಕೆ ಕೂತಿದ್ದ ಎಂದವರಿದ್ದರು. ಹೋಗಿ ನೋಡಿದರೆ ಅದು ಬೇರೆ ಯಾರೋ ಆಗಿರುತ್ತಿತ್ತು, ಆ ಬೇರೆ ಯಾರೋ ಎದುರು ನಿಂತು ಇವನನ್ನೇ ಅನುಮಾನದಿಂದ ನೋಡುತ್ತಿದ್ದ. ಕಾರ್ಡಿನಲ್ಲಿ ಶ್ರೀ ಅಂತ ಬಂದರೆ ಮದುವೆ ಮನೆಯಲ್ಲಿ ಪ್ರತಿ ಕುರ್ಚಿಯಿಂದಲೂ ಪ್ರಶ್ನೆ ಏಳುತ್ತದೆ, ಯಜಮಾನ್ರು ಎಲ್ಲಿ, ಕಾಣ್ತಾ ಇಲ್ವಲ್ಲ. ಉತ್ತರ ಕೊಡಬೇಕಾದವಳು ಅವ್ವ. ಲಿಂ. ಅಂತ ಬಂದರೆ ಯಾರೂ ಏನೂ ಕೇಳುವುದಿಲ್ಲ. ಆದರೆ ಆವತ್ತು ಹಣೆ ಬರಿದು ಮಾಡಿಕೊಂಡು ಹಿಂದಿನ ಸಾಲಿನಲ್ಲಿ ಕೂರಬೇಕಾದವಳೂ ಅವ್ವನೇ, ಮಗಳಿಗೆ ಅರಿಶಿಣ ಹಚ್ಚಲು ಬೇರೆ ಯಾರೋ ದೊಡ್ಡಮ್ಮ ಬರುತ್ತಾಳೆ. ಹಾಗೆ ಹಿಂದೆ ಕೂರುವುದು ಬೇಡವೆಂದು ಹೇಳುವ ಧೈರ್ಯ ಸಂತೋಷನಿಗೂ ಇಲ್ಲ, ಸೋದರಮಾವನ ಮನೆಯವರಿಗೂ ಇಲ್ಲ.

"ಏಳು ವರ್ಷ ಆತಲ್ಲೋ. ಸತ್ತಂಗೆ ಅಂತ ಕೋರ್ಟೇ ಒಪ್ಪುತ್ತೆ, ನಮ್ದೇನು," ಎಂದು ಸೋದರಮಾವ ಕೆಂಚಣ್ಣ ವಾರದಿಂದ ಫೋನು ಮಾಡುತ್ತಿದ್ದ. ಅದು ಬೇಡ ಅನ್ನಿಸಿದರೆ ಹೆಸರನ್ನೇ ತೆಗೆ ಎಂಬುದು ಅವನ ಎರಡನೇ ಸಲಹೆ. ಶ್ರೀಮತಿ ಗುರುಶಾಂತಮ್ಮನವರ ಪುತ್ರಿ, ಮುಗೀತು. ಆದರೆ ಕಾರ್ಡಿನ ಮೇಲ್ಸಾಲಿನಲ್ಲಿ ಲಿಂ. ಹಾಲಪ್ಪನವರ ಮೊಮ್ಮಗಳು ಎಂದು ಅಜ್ಜನ ಹೆಸರಿತ್ತು. ನಡುವಿನ ಅಪ್ಪನನ್ನು ತೆಗೆದರೆ ತಂಗಿ ಕೃತಿಕಾ ಆ ಅಜ್ಜನಿಗೆ ಹೇಗೆ ಮೊಮ್ಮಗಳಾದಳು ಎಂಬುದಕ್ಕೆ ಕಾರ್ಡಿನಲ್ಲಿ ಉತ್ತರವಿರುವುದಿಲ್ಲ. ಕೃತಿಕಾಳನ್ನು ಕೇಳಿದರೆ ಅವಳು ಸ್ಕೂಟಿ ಹೊರಗೆ ತೆಗೆಯುತ್ತ, "ಅಣ್ಣ, ಏನಾದ್ರೂ ಹಾಕ್ಸು. ನನ್ನ ಹೆಸರಿನ ಸ್ಪೆಲ್ಲಿಂಗ್ ಸರಿ ಇದ್ರೆ ಸಾಕು," ಎಂದು ಕೆಲಸಕ್ಕೆ ಹೋದಳು. ಅವ್ವನನ್ನು ಕೇಳಿದರೆ, "ನಿಮಗೆ ಹೆಂಗೆ ತಿಳಿತೈತೋ ಹಂಗೆ ಮಾಡ್ರಿ," ಎಂದು ಇವತ್ತೂ ಅದನ್ನೇ ಹೇಳಿ ರೊಟ್ಟಿ ಮಗುಚಿದಳು. ಆ ಬಹುವಚನ ಯಾರಿಗೆ ಎಂದು ಅವನಿಗೆ ಅರ್ಥವಾಗಲಿಲ್ಲ. ಅವಳ ಮುಂದೆ ಅವನೊಬ್ಬನೇ ಇದ್ದ.

ಎರಡು ರೊಟ್ಟಿ ತಿಂದು ಆನೆಕೊಂಡದ ಆಫೀಸಿಗೆ ಹೊರಟ. ಆಫೀಸು ಎಂದರೆ ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆ. ಮೆಕ್ಕೆಜೋಳದ ದಲಾಲರು, ಪೈಪಿನ ಅಂಗಡಿಯವರು, ಪ್ರೆಸ್ಸಿನವರು, ಹೀಗೆ ಸಣ್ಣಪುಟ್ಟ ವ್ಯಾಪಾರಸ್ಥರ ಈಮೇಲನ್ನು ನೋಡಿಕೊಳ್ಳುವುದು ಅವರ ಕೆಲಸ. ನಿನ್ನೆ ಹಳೆಯ ಸರ್ವರ್‌ನಿಂದ ಹೊಸ ಸರ್ವರ್‌ಗೆ ಎಲ್ಲರ ಮೇಲನ್ನೂ ಸಾಗಿಸಿದ್ದರು. ಸಾಗಿಸುವ ಪ್ರೋಗ್ರಾಮು ಬರೆದವನು ಸಂತೋಷ. ಮನೆ ಖಾಲಿ ಮಾಡಿ ಬೇರೆ ಮನೆಗೆ ಹೋದ ಮಾರನೆಯ ದಿನದ ಹಾಗೆ ಇವತ್ತು ಎಲ್ಲರೂ ಏನನ್ನಾದರೂ ಹುಡುಕುತ್ತಲೇ ಇರುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಫೋನನ್ನು ಸೈಲೆಂಟಿಗೆ ಹಾಕಿದ. ಮೆಟ್ಟಿಲು ಹತ್ತುವಾಗಲೇ ಆಫೀಸಿನ ಸ್ಥಿರ ದೂರವಾಣಿ ಹೊಡೆದುಕೊಳ್ಳುತ್ತಿತ್ತು. ಎತ್ತಿದರೆ ನೌಮಾನ್.

"ಏ ಸಂತೋಷ, ನನ್ನ ಲಗ್ನ ಎಲ್ಲಿ ಹೋತೋ?"

"ಯಾವ ಲಗ್ನ?"

"ಲಗ್ನದ ಫೋಲ್ಡರ್ ಮಾರಾಯ. ಸೀಜನ್ ಐತೆ, ಅಷ್ಟೂ ಪಾರ್ಟಿಗಳ ಕಾರ್ಡು ಅದರಾಗೇ ಇದ್ವು. ಬೆಳಗ್ಗೆ ತೆಗದ್ರೆ ಒಂದೂ ಇಲ್ಲ. ನಿಮ್ಮನಿ ಕಾರ್ಡೂ ಅದರಾಗೇ ಹೋತು ನೋಡು."

ನೌಮಾನ್ ಅವನ ಪಿಯುಸಿ ಗೆಳೆಯ. ಬೈಯುವಾಗಲೂ ನಗುತ್ತಲೇ ಬೈಯುವವನು ಇವತ್ತು ನಗುತ್ತಿರಲಿಲ್ಲ. ಸಂತೋಷ ಹಳೆಯ ಸರ್ವರಿನ ಪಟ್ಟಿಯನ್ನು ತೆಗೆದು ನೋಡಿದ. ಲಗ್ನ ಎಂಬ ಫೋಲ್ಡರಿನ ಕೆಳಗೆ ಒಂದೊಂದು ಮದುವೆಗೂ ಒಂದೊಂದು ಫೋಲ್ಡರು, ಅವುಗಳಲ್ಲಿ ಕೃತಿಕಾ ಎಂಬುದೂ ಒಂದು. ಆದರೆ ಲಗ್ನ ಎನ್ನುವ ಫೋಲ್ಡರನ್ನು ಹೋದ ವರ್ಷವೇ ನೌಮಾನ್ ಅಳಿಸಿಬಿಟ್ಟಿದ್ದ, ಯಾಕೆ ಅಳಿಸಿದನೋ ಅವನಿಗೂ ನೆನಪಿಲ್ಲ. ಮೇಲಿನದನ್ನು ಅಳಿಸಿದರೂ ಕೆಳಗಿನವು ಹೋಗುವುದಿಲ್ಲ. ಅವುಗಳಿಗೆ ವಿಳಾಸವೇ ಲಗ್ನದ ಕೆಳಗೆ ಎಂದು. ಹಾಗಾಗಿ ಹಳೆಯ ಸರ್ವರು ಲಗ್ನದ ಹೆಸರನ್ನು ಪಟ್ಟಿಯಲ್ಲಿ ಉಳಿಸಿಕೊಂಡು, ಪಕ್ಕದಲ್ಲಿ ನಾನ್-ಎಕ್ಸಿಸ್ಟೆಂಟ್, ಇದು ಇಲ್ಲ, ಎಂದು ಒಂದು ಗುರುತು ಹಾಕಿತ್ತು. ನೌಮಾನನ ಪರದೆಯ ಮೇಲೆ ಅದು ಬೂದುಬಣ್ಣದಲ್ಲಿ ಕಾಣುತ್ತಿತ್ತು, ಒತ್ತಿದರೆ ತೆರೆಯುತ್ತಿರಲಿಲ್ಲ. ಈಮೇಲಿನ ನಿಯಮವೇ ಹಾಗೆ. ಮೇಲ್ಮಟ್ಟದ ಹೆಸರುಗಳನ್ನಷ್ಟೇ ಹೇಳು ಎಂದು ಕೇಳಿದಾಗ, ಇಲ್ಲದ ಅಪ್ಪನ ಕೆಳಗೆ ಇರುವ ಮಕ್ಕಳಿದ್ದರೆ, ಇಲ್ಲದ ಅಪ್ಪನ ಹೆಸರನ್ನೂ ಹೇಳಲೇಬೇಕು. ಇಲ್ಲದಿದ್ದರೆ ಮಕ್ಕಳಿದ್ದಾರೆಂದು ಕೇಳಿದವನಿಗೆ ಗೊತ್ತೇ ಆಗುವುದಿಲ್ಲ. ಸಂತೋಷ ತನ್ನ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದಿದ್ದ, ಇಲ್ಲ ಎಂಬ ಗುರುತು ಕಂಡರೆ ಅದನ್ನು ಬಿಟ್ಟು ಮುಂದಕ್ಕೆ ಹೋಗು ಎಂದು. ಇಲ್ಲದ್ದನ್ನು ಹೊತ್ತುಕೊಂಡು ಹೋಗಿ ಏನು ಮಾಡುವುದು ಎಂದು ಆಗ ಅನ್ನಿಸಿತ್ತು. ಅದನ್ನು ಬರೆದ ದಿನ ಚಹಾ ಕುಡಿಯುತ್ತ ತನಗೇ ಶಹಭಾಸ್ ಹೇಳಿಕೊಂಡದ್ದು ನೆನಪಾಗಿ ಕಿವಿ ಬಿಸಿಯಾಯಿತು.

ಕಡತಗಳು ಹೊಸ ಸರ್ವರಿಗೆ ಬಂದಿದ್ದವು, ಯಾವುದೂ ಕಳೆದಿರಲಿಲ್ಲ. ಇದ್ದಲ್ಲಿಯೇ ಇದ್ದವು, ಕಾಣುತ್ತಿರಲಿಲ್ಲ ಅಷ್ಟೆ. ಇದನ್ನು ನೌಮಾನನಿಗೆ ಫೋನಿನಲ್ಲಿ ಹೇಳಲು ಹೋಗಿ ಸಂತೋಷ ತಡವರಿಸಿದ. "ಅವು ಅದಾವೆ, ಆದ್ರೆ ಅದರ ಮೇಲಿಂದು ಇಲ್ಲ, ಅದಕ್ಕೆ ಅವೂ ಇಲ್ಲ ಅನ್ನೋ ಹಂಗೆ ಆಗೇತೆ." "ನೀನು ಬಾ ಇಲ್ಲಿಗೆ," ಎಂದ ನೌಮಾನ್. "ಬಂದು ನನ್ನ ಮುಂದೆ ಕೂತು ಮಾಡು. ಹಂಗೇ ನಿಮ್ಮ ಕಾರ್ಡಿಂದೂ ಒಂದು ಹೇಳಿಬಿಡು. ಮಿಶಿನ್ ಇವತ್ತು ಮಧ್ಯಾಹ್ನ ಬಿಟ್ರೆ ಖಾಲಿ ಇಲ್ಲ." ಆಫೀಸಿನ ಯಜಮಾನರಿಗೆ ಹೇಳಿದರೆ ಅವರು ಕಂಪ್ಯೂಟರಿನಿಂದ ತಲೆ ಎತ್ತದೆ, "ಹೋಗಿ ಬರ್ರಿ, ನೀವೇ ಮಾಡಿದ್ದಲ್ಲ," ಎಂದರು. ಅದರಲ್ಲಿ ಸಿಟ್ಟು ಇತ್ತೋ ಇಲ್ಲವೋ ತಿಳಿಯದೆ ಅವನು ಮೂರು ಸಲ ಸಾರಿ ಸಾರ್ ಅಂದ. ಮೂರನೆಯದು ಮೆಟ್ಟಿಲಿಗೆ ಕೇಳಿಸಿರಬೇಕು.

ಹಳೇ ಪಿ.ಬಿ. ರಸ್ತೆಯಲ್ಲಿ ಬೈಕು ಓಡಿಸುತ್ತ ಹರಿಹರದ ಕಡೆ ಹೊರಟಾಗ ಬಿಸಿಲು ಆಗಲೇ ಹೆಲ್ಮೆಟ್ಟಿನೊಳಗೆ ಹೊಕ್ಕಿತ್ತು. ಅವನ ತಲೆಯಲ್ಲಿ ಎರಡು ಗುರುತುಗಳು ಒಂದರ ಮೇಲೊಂದು ಬರುತ್ತಿದ್ದವು. ಮೇಲ್ ಸರ್ವರುಗಳು ಎರಡು ಥರ ಹೇಳುತ್ತವೆ. ಒಂದು, ನಾನ್-ಎಕ್ಸಿಸ್ಟೆಂಟ್, ಇದು ಇಲ್ಲವೇ ಇಲ್ಲ. ಇನ್ನೊಂದು, ನೋ-ಸೆಲೆಕ್ಟ್, ಇದನ್ನು ತೆರೆಯಲಾಗುವುದಿಲ್ಲ. ತೆರೆಯಲಾಗದ್ದು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು, ಹೇಳುವವನಿಗೇ ಗೊತ್ತಿರಬೇಕೆಂದಿಲ್ಲ. ಅಪ್ಪ ಯಾವುದು? ಮನೆಯಲ್ಲಿದ್ದಾಗಲೂ ಅವನು ತೆರೆಯುತ್ತಿರಲಿಲ್ಲವಲ್ಲ. ಊಟಕ್ಕೆ ಕೂತರೆ ತಟ್ಟೆ, ಎದ್ದರೆ ಪೇಪರು. ಸಂತೋಷ ಇಂಜಿನಿಯರಿಂಗಿನಲ್ಲಿ ಒಂದು ವಿಷಯ ಫೇಲಾದಾಗ, ಇನ್ನೊಂದ್ಸಲ ಬರಿ ಎಂದು ಹೇಳಿ ಪೇಪರಿನ ಪುಟ ತಿರುಗಿಸಿದ್ದ. ಆಗ ಬೈದಿದ್ದರೆ ಚೆನ್ನಾಗಿತ್ತು, ಈಗ ನೆನಪಿಟ್ಟುಕೊಳ್ಳಲು ಒಂದು ಬೈಗುಳವಾದರೂ ಇರುತ್ತಿತ್ತು. ಮುಂದೆ ಹೋಗುತ್ತಿದ್ದ ಸೈಕಲ್ಲಿನವನ ಬೆನ್ನು ಸ್ವಲ್ಪ ಎಡಕ್ಕೆ ವಾಲಿತ್ತು. ಅಪ್ಪನ ಬೆನ್ನೂ ಎಡಕ್ಕೆ ವಾಲುತ್ತಿತ್ತು. ಸಂತೋಷ ವೇಗ ಇಳಿಸಿ ಅವನ ಪಕ್ಕಕ್ಕೆ ಬಂದು ಮುಖ ನೋಡಿದ. ಇಪ್ಪತ್ತೈದರ ಹುಡುಗ, ಕಿವಿಯಲ್ಲಿ ಹಾಡಿನ ವೈರು. ಏಳು ವರ್ಷದಿಂದ ಇದು ನಡೆಯುತ್ತಿದೆ, ರಸ್ತೆಯಲ್ಲಿ ಗಂಡಸರ ಬೆನ್ನು ಕಂಡರೆ ಮುಂದೆ ಹೋಗಿ ಮುಖ ನೋಡುವುದು. ಪ್ರತಿ ಸಲವೂ ಅಲ್ಲ ಎಂದು ಗೊತ್ತಾದಾಗ ಎದೆಯಲ್ಲಿ ಏನೋ ಇಳಿಯುತ್ತದೆ. ಅದು ನಿರಾಸೆ ಎಂದು ಅವನು ಬಹಳ ದಿನ ತಿಳಿದಿದ್ದ. ಇವತ್ತು ಆ ಸೈಕಲ್ಲನ್ನು ಹಿಂದೆ ಹಾಕಿದಾಗ ಮಾತ್ರ ಅದು ನಿರಾಸೆಯಲ್ಲ, ಸಮಾಧಾನ ಎಂದು ಥಟ್ಟನೆ ಹೊಳೆದು ಅವನಿಗೆ ಹೆದರಿಕೆಯಾಯಿತು.

ಹೆದರಿಕೆಯ ಜೊತೆಗೆ ನಿನ್ನೆಯದೂ ನೆನಪಾಯಿತು. ನಿನ್ನೆ ಸಂಜೆ ನೌಮಾನನಿಗೆ ಫೋನು ಮಾಡಿ, ಎರಡು ಥರ ಮಾಡಿಸು, ಶ್ರೀದೊಂದು, ಲಿಂ.ದೊಂದು, ನೋಡಿ ಹೇಳ್ತೀನಿ ಅಂದಿದ್ದ. ನೋಡಿ ಹೇಳಲು ಅದೇನು ಸೀರೆಯೇ? ಅವನಿಗೆ ಬೇಕಿದ್ದದ್ದು ಒಂದನ್ನು ನೋಡುವುದು ಮಾತ್ರ. ಲಿಂ. ಬಕ್ಕೇಶಪ್ಪ ಎಂದು ಒಂದು ಸಲ ಅಚ್ಚಿನಲ್ಲಿ ನೋಡಬೇಕು, ನೋಡಿ ತನಗೆ ಏನಾಗುತ್ತದೆ ಎಂದು ತಿಳಿಯಬೇಕು. ಸುಮ್ಮನೆ ಅಂಗಡಿಯಲ್ಲಿ ಅಂಗಿ ಹಾಕಿ ನೋಡಿ ತೆಗೆದಿಡುವ ಹಾಗೆ. ಇದನ್ನು ಯಾರ ಹತ್ತಿರ ಹೇಳಿದರೂ ಅವರು ತನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಅವನಿಗೆ ಅನ್ನಿಸಿತು.

ಪ್ರೆಸ್ಸು ಹರಿಹರೇಶ್ವರ ಗುಡಿಗೆ ಹೋಗುವ ದಾರಿಯ ಒಂದು ಅಡ್ಡರಸ್ತೆಯಲ್ಲಿತ್ತು. ಮುಂದೆ ನೌಮಾನನ ಮೇಜು, ಪಕ್ಕದಲ್ಲಿ ಅವನ ತಂಗಿ ನೂರೀನ್ ಕಾರ್ಡುಗಳನ್ನು ಜೋಡಿಸುವ ಕಂಪ್ಯೂಟರು, ಹಿಂದೆ ತಗಡಿನ ಶೀಟಿನ ಕೆಳಗೆ ಮಿಶಿನ್ನು. ನೌಮಾನ್ ಕುರ್ಚಿ ಎಳೆದು, "ಕೂಡು, ಮೊದ್ಲು ನೀರು ಕುಡಿ, ಆಮೇಲೆ ಬೈತೀನಿ," ಎಂದ. ಸಂತೋಷ ಲ್ಯಾಪ್‌ಟಾಪು ಬಿಚ್ಚಿ ಆ ಒಂದು ಸಾಲನ್ನು ಹುಡುಕಿ ತೆಗೆದ. ಇಲ್ಲ ಎಂಬ ಗುರುತಿದ್ದರೂ ಹೆಸರನ್ನು ಪಟ್ಟಿಗೆ ಸೇರಿಸು ಎಂದು ತಿದ್ದಿ, ನೌಮಾನನ ಮೇಲ್ ಪೆಟ್ಟಿಗೆಯ ಮೇಲೆ ಮತ್ತೆ ಓಡಿಸಿದ. ಸಾವಿರಾರು ಮೇಲುಗಳು, ಪ್ರೋಗ್ರಾಮು ನಿಧಾನವಾಗಿ ಎಣಿಸಿಕೊಂಡು ಹೋಗತೊಡಗಿತು.

"ಅಣ್ಣ, ನಿಮ್ಮ ಕಾರ್ಡು ಒಂದು ಕಳ್ಸೀನಿ," ಎಂದಳು ನೂರೀನ್, ಪರದೆಯಿಂದ ಕಣ್ಣು ತೆಗೆಯದೆ. "ಸ್ಪೆಲ್ಲಿಂಗ್ ನೋಡಾಕೆ."

"ನನಗೆ ಬಂದಿಲ್ಲವಲ್ಲ."

"ನಿಮಗಲ್ಲ. ಮೇಲ್ ಹೋಗವಲ್ದಲ್ಲ, ಅದಕ್ಕೆ ಆರ್ಡರ್ ಚೀಟಿಯಾಗೆ ಇರೋ ನಂಬರಿಗೆ ವಾಟ್ಸಾಪ್ ಮಾಡ್ದೆ. ಬೆಳಗ್ಗೇನೇ."

ಆರ್ಡರ್ ಚೀಟಿಯಲ್ಲಿದ್ದದ್ದು ಅವ್ವನ ನಂಬರು. ಕಾರ್ಡಿನ ಬಣ್ಣ ಆರಿಸಲು ಅವ್ವನೂ ಬಂದಿದ್ದಳು, ನಂಬರು ಹೇಳಿ ಎಂದಾಗ ಅವಳೇ ತನ್ನದನ್ನು ಹೇಳಿದ್ದಳು. ಸಂತೋಷ ಕೇಳಬಾರದೆಂದುಕೊಂಡೇ ಕೇಳಿದ. "ಯಾವುದನ್ನ ಕಳ್ಸಿದಿ?"

"ಲಿಂ. ಇರೋದು. ಶ್ರೀ ಇರೋದು ನಿನ್ನೆ ಮನಿಯಾಗೆ ಮಾಡಿ ಮೇಲ್ ಹಾಕಿದ್ದೆ, ಅದು ಕಾಣ್ತಾನೇ ಇಲ್ಲವಲ್ಲ ಈಗ. ಇದೊಂದೇ ಕೈಗೆ ಸಿಕ್ತು." ಅವಳು ಈಗ ತಿರುಗಿ ನೋಡಿದಳು. "ಯಾಕಣ್ಣ? ತಪ್ಪಾತೇನು?"

ಅವನು ಜೇಬಿನಿಂದ ಫೋನು ತೆಗೆದ. ಅವ್ವನಿಂದ ಒಂದರ ಹಿಂದೊಂದು ಕರೆ ಬಂದಿದ್ದವು, ಅವನು ಸೈಲೆಂಟಿನಲ್ಲಿಟ್ಟಿದ್ದ. ತಿರುಗಿ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಅವ್ವ ಓದಿರುತ್ತಾಳೆ. ಅವಳಿಗೆ ಇಂಗ್ಲಿಷು ಬರುವುದಿಲ್ಲ, ಕನ್ನಡ ಚೆನ್ನಾಗಿ ಬರುತ್ತದೆ, ಕಾರ್ಡು ಅಂದರೆ ಗಣೇಶನಿಂದ ಹಿಡಿದು ಊಟದ ವೇಳೆಯವರೆಗೆ ಒಂದಕ್ಷರ ಬಿಡದೆ ಓದುವವಳು. ಮಗ ಒಪ್ಪಿಗೆ ಕೇಳದೆ ಲಿಂ. ಹಾಕಿಸಿಬಿಟ್ಟ ಎಂದು ತಿಳಿದು ಸಿಟ್ಟಾಗಿರುತ್ತಾಳೆ. ಸಿಟ್ಟಾಗಿದ್ದರೆ ಒಳ್ಳೆಯದು. ಸಿಟ್ಟಾದವಳು ಬೇಡ ಎಂದಾದರೂ ಹೇಳುತ್ತಾಳೆ, ನಿಮಗೆ ಹೆಂಗೆ ತಿಳಿತೈತೋ ಹಂಗೆ ಎನ್ನುವುದು ತಪ್ಪುತ್ತದೆ. ಹೀಗೆ ಅವನು ಅವ್ವನ ಸಿಟ್ಟಿಗೆ ಕಾಯುತ್ತ, ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ ಅಂಕಿಗಳನ್ನು ನೋಡುತ್ತ ಕೂತ. ನೌಮಾನ್ ಚಹಾ ತರಿಸಿದ. ಚಹಾ ಆರಿತು.

ಗುರುಶಾಂತಮ್ಮ ಬಂದದ್ದನ್ನು ಮೊದಲು ನೋಡಿದವಳು ನೂರೀನ್. ಅವಳು ಎದ್ದು ನಿಂತದ್ದು ನೋಡಿ ಸಂತೋಷ ತಿರುಗಿದ. ಬಾಗಿಲಲ್ಲಿ ಅವ್ವ, ಮನೆಯ ಸೀರೆಯಲ್ಲೇ, ಕೈಯಲ್ಲಿ ಫೋನು. ಬಸ್ಸಿನ ಸೆಕೆಗೆ ಮುಖವೆಲ್ಲ ಬೆವರಿತ್ತು. ಕೈಯಲ್ಲಿ ಬಳೆಗಳಿದ್ದವು, ಹಣೆಯ ಮೇಲೆ ವಿಭೂತಿ ಇತ್ತು. ಕುಂಕುಮ ಇರಲಿಲ್ಲ. ಬೆವರಿಗೆ ಹೋದದ್ದಲ್ಲ, ಒರೆಸಿ ತೆಗೆದದ್ದು, ಇಷ್ಟು ವರ್ಷ ಅದಿದ್ದ ಜಾಗ ಸುತ್ತಲಿನದಕ್ಕಿಂತ ಬೆಳ್ಳಗೆ ಕಾಣುತ್ತಿತ್ತು. ನೌಮಾನ್ ಗಡಬಡಿಸಿ, "ಬರ್ರಿ ಅಮ್ಮ, ಕೂಡ್ರಿ," ಎಂದು ಕುರ್ಚಿ ಒರೆಸಿದ. ಅವಳು ಕೂರಲಿಲ್ಲ.

"ಯಾವಾಗ ತಿಳೀತು ನಿಂಗೆ?" ಎಂದಳು ಸಂತೋಷನಿಗೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಎಲ್ಲಿದ್ರಂತೆ?"

ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅವಳು ಅದನ್ನು ಮಗನ ಸಲಹೆ ಎಂದು ಓದಿರಲಿಲ್ಲ, ಸುದ್ದಿ ಎಂದು ಓದಿದ್ದಳು. ಮಗನಿಗೆ ಎಲ್ಲಿಂದಲೋ ತಿಳಿದಿದೆ, ಬಾಯಿಬಿಟ್ಟು ಹೇಳಲಾರದೆ ಅಚ್ಚು ಹಾಕಿಸಿ ಕಳಿಸಿದ್ದಾನೆ ಎಂದು ತಿಳಿದು, ಫೋನು ಮಾಡಿ, ಎತ್ತದಿದ್ದಾಗ ಅದೂ ನಿಜವೆಂದುಕೊಂಡು, ಕನ್ನಡಿಯ ಮುಂದೆ ನಿಂತು ಹಣೆ ಒರೆಸಿಕೊಂಡು ಬಸ್ಸು ಹತ್ತಿದ್ದಾಳೆ. ಒಬ್ಬಳೇ. ಯಾರಿಗೂ ಹೇಳದೆ.

"ಹೇಳೋ. ನಾನೇನ್ ಅಳೋದಿಲ್ಲ. ಎಲ್ಲಿದ್ರಂತೆ? ಮಣ್ಣು ಯಾರು ಮಾಡಿದ್ರು?"

ಹೌದವ್ವ ಅಂದುಬಿಟ್ಟರೆ ಮುಗಿಯಿತು. ಮೂರೇ ಅಕ್ಷರ. ಗದಗಿನ ಕಡೆಯ ಆ ಮಠದ ಹೆಸರು ಹೇಳಬಹುದು, ಅವರೇ ಎಲ್ಲ ಮಾಡಿದರಂತೆ ಎನ್ನಬಹುದು. ಕುಂಕುಮ ಅವಳೇ ತೆಗೆದಾಗಿದೆ, ಯಾರೂ ತೆಗೆಸಿದಂತಲ್ಲ. ರಸ್ತೆಯ ಮೇಲಿನ ಬೆನ್ನುಗಳೆಲ್ಲ ಇನ್ನು ಬರಿ ಬೆನ್ನುಗಳಾಗುತ್ತವೆ. ಸಂತೋಷನ ಬಾಯಿ ಹೌದು ಎನ್ನುವ ಆಕಾರಕ್ಕೆ ಬಂದೂ ಬಿಟ್ಟಿತ್ತು, ಅದು ಅವನಿಗೆ ಗೊತ್ತಾಯಿತು. ಅವನಿಗೆ ಅಪ್ಪ ಸಾಯಬೇಕಿತ್ತು. ಇಷ್ಟು ದಿನ ಸುತ್ತಿ ಬಳಸಿ ಯೋಚಿಸುತ್ತಿದ್ದದ್ದು ಇಷ್ಟೇ. ಅವ್ವನ ಹಣೆಯ ಆ ಬೆಳ್ಳನೆಯ ಜಾಗವನ್ನು ಅವನು ಮೊದಲ ಸಲ ನೇರವಾಗಿ ನೋಡಿದ.

"ಇಲ್ಲವ್ವ," ಎಂದ. "ಯಾವ ಸುದ್ದೀನೂ ಬಂದಿಲ್ಲ. ಸುಮ್ನೆ ಎರಡು ಥರ ಮಾಡ್ಸಿದ್ದೆ. ಅದರಾಗೆ ಒಂದು ನಿಂಗೆ ಬಂತು."

"ಸುಮ್ನೆ?"

"ಹೂಂ."

"ಸುಮ್ನೆ ಮಾಡಿಸ್ತಾರೇನೋ ಇದನ್ನ?"

ಗುರುಶಾಂತಮ್ಮ ಈಗ ಕುರ್ಚಿಯ ಮೇಲೆ ಕೂತಳು, ನೌಮಾನ್ ಕೊಟ್ಟ ನೀರನ್ನು ಪೂರ್ತಿ ಕುಡಿದಳು, ಲೋಟವನ್ನು ನೆಲದ ಮೇಲಿಟ್ಟಳು. ಅವಳು ಅಳುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಅಳಲಿಲ್ಲ. ಕಾಲಿನ ಬಳಿಯ ಲೋಟವನ್ನೇ ನೋಡುತ್ತ, ಯಾರಿಗೋ ದೂರು ಹೇಳುವ ಹಾಗೆ ಹೇಳಿದಳು.

"ಬಸ್ಸಿನಾಗೆ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಗಾಳಿ ಬರ್ತಿತ್ತು. ಎಷ್ಟು ಹಗುರಾಗಿತ್ತು ಅಂತೀಯ ನಂಗೆ. ಅಳು ಬರ್ಲಿ ಬರ್ಲಿ ಅಂತ ನೋಡಿದೆ, ಬರ್ಲೇ ಇಲ್ಲ. ನಿದ್ದಿ ಬಂತು. ಕಂಡಕ್ಟರ್ ಎಬ್ಬಿಸ್ದ." ಅವಳು ತಲೆ ಎತ್ತಿದಳು. "ಎಂಥ ಹೆಂಗ್ಸು ನೋಡು ನಾನು."

ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ರೊಟ್ಟಿ ತಿನ್ನುತ್ತ, ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಕುಂಕುಮ ಕಾಯುತ್ತಿದ್ದರು. ಸಂತೋಷನಿಗೆ, ನಂಗೂ ಹಂಗೇ ಅವ್ವ ಎಂದು ಹೇಳಬೇಕೆನಿಸಿತು. ನೌಮಾನ್ ಇದ್ದ, ನೂರೀನ್ ಇದ್ದಳು, ಹೇಳಲಾಗಲಿಲ್ಲ. ಅವರು ಇಲ್ಲದಿದ್ದರೂ ಹೇಳುತ್ತಿದ್ದನೋ ಇಲ್ಲವೋ ಅವನಿಗೇ ತಿಳಿಯದು.

"ಇನ್ನೊಂದು ಎಲ್ಲೈತೆ?" ಎಂದಳು ಅವ್ವ. "ಎರಡು ಅಂದ್ಯಲ್ಲ. ತೋರ್ಸು."

ಲ್ಯಾಪ್‌ಟಾಪು ಕೆಲಸ ಮುಗಿಸಿತ್ತು. ನೌಮಾನನ ಪರದೆಯನ್ನು ಮತ್ತೆ ತೆರೆದಾಗ ಪಟ್ಟಿಯಲ್ಲಿ ಲಗ್ನ ಬಂದಿತ್ತು, ಬೂದುಬಣ್ಣದಲ್ಲಿ, ಅದರ ಕೆಳಗೆ ಎಲ್ಲ ಮದುವೆಗಳೂ ಕಪ್ಪು ಅಕ್ಷರದಲ್ಲಿ ಸಾಲಾಗಿ ಬಂದಿದ್ದವು. ನೌಮಾನ್ ಅಲ್ಲಾಹನ ಹೆಸರು ಹೇಳಿ ಉಸಿರು ಬಿಟ್ಟ. ಗುರುಶಾಂತಮ್ಮ ಬಗ್ಗಿ ನೋಡಿದಳು.

"ಇದ್ಯಾಕ ಇದೊಂದು ಮಸುಕು?"

"ಅದು ಇಲ್ಲವ್ವ. ಹೆಸರು ಅಷ್ಟೆ."

"ಇಲ್ಲದ್ದನ್ನ ಯಾಕ ತೋರಿಸ್ತೈತೆ?"

"ತೋರಿಸ್ಲಿಲ್ಲ ಅಂದ್ರೆ ಕೆಳಗಿನವು ಕಾಣೋದಿಲ್ಲ. ಅದಕ್ಕೆ."

"ನಿಮ್ಮ ಮಿಶಿನ್ ಸುದ್ದಿ ನಂಗ್ಯಾಕ," ಎಂದಳು ಅವ್ವ. "ಕಾರ್ಡು ತೆಗಿ."

ಅವನು ಕೃತಿಕಾ ಎಂಬುದನ್ನು ಒತ್ತಿ ಶ್ರೀ ಇದ್ದ ಕಾರ್ಡನ್ನು ತೆಗೆದ. ಗುರುಶಾಂತಮ್ಮ ಪರದೆಯ ಮೇಲೆ ಬೆರಳಿಟ್ಟು ಮೊದಲಿನಿಂದ ಓದಿದಳು. ಗಣೇಶ, ಬಸವಣ್ಣ, ಲಿಂ. ಹಾಲಪ್ಪನವರ ಮೊಮ್ಮಗಳು. ಗಂಡನ ಹೆಸರಿನ ಹತ್ತಿರ ಬೆರಳು ನಿಲ್ಲಲಿಲ್ಲ, ಎಲ್ಲ ಹೆಸರಿಗೆ ಹೋದ ಹಾಗೆ ಅದರ ಮೇಲೂ ಹೋಯಿತು. ಚಿ. ಕುಂ. ಸೌ. ಕೃತಿಕಾ. ಮುಹೂರ್ತ, ಊಟ, ಕಲ್ಯಾಣಮಂಟಪದ ದಾರಿ. ಎಲ್ಲ ಮುಗಿಸಿ, "ಊಟದ ಮುಂದೆ ಒಂದು ಚುಕ್ಕಿ ಹೆಚ್ಚು ಬಿದ್ದೈತೆ," ಎಂದು ನೂರೀನ್‌ಗೆ ಹೇಳಿದಳು.

"ಹಂಗಾದ್ರೆ ಅಮ್ಮ, ಯಾವುದು ಹಾಕ್ಲಿ?" ಎಂದ ನೌಮಾನ್, ಬಹಳ ಮೆಲ್ಲಗೆ.

ಅವಳು ಎದ್ದು ಹಿಂದಕ್ಕೆ, ತಗಡಿನ ಶೀಟಿನ ಕೆಳಗೆ ಮಿಶಿನ್ನಿದ್ದ ಕಡೆಗೆ ಹೋದಳು. ನೀರು ಕುಡಿಯಲು ಹೋದಳೇನೋ ಎಂದುಕೊಂಡರು. ಅಲ್ಲಿ ಗಾಜಿನ ಹಲಗೆಯ ಮೇಲೆ ಕೆಂಪು ಇಂಕನ್ನು ಕಲಸಿ ಹರಡಿಟ್ಟಿದ್ದರು. ಅವಳು ಉಂಗುರದ ಬೆರಳನ್ನು ಅದರಲ್ಲಿ ಅದ್ದಿ, ಕನ್ನಡಿಯಿಲ್ಲದೆಯೇ, ಹಣೆಯ ಆ ಬಿಳಿಯ ಜಾಗಕ್ಕೆ ಸರಿಯಾಗಿ ಒತ್ತಿಕೊಂಡಳು.

"ಅಯ್ಯೋ ಅಮ್ಮ, ಅದು ಇಂಕು!" ನೂರೀನ್ ಓಡಿದಳು. "ನೀರಿಗೆ ಹೋಗೋದಿಲ್ರಿ ಅದು. ಸೀಮೆಎಣ್ಣಿ ಹಾಕಿ ಉಜ್ಜಬೇಕು, ಚರ್ಮ ಕಿತ್ತು ಬರ್ತೈತೆ."

"ಉಜ್ಜೋದು ಬ್ಯಾಡ."

ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ಸೆರಗಿನ ಮೇಲೂ ಒಂದು ಕೆಂಪು ಗೆರೆ ಮೂಡಿತು. ಸಂತೋಷ ಅವ್ವನ ಹತ್ತಿರ ಹೋಗಿ ನಿಂತ. ತಪ್ಪಾಯಿತು ಎನ್ನಬೇಕೋ, ಬೇಡವಿತ್ತು ಎನ್ನಬೇಕೋ, ಯಾವುದಕ್ಕೆ ಎನ್ನಬೇಕೋ. ಅವ್ವ ಅವನ ಅಂಗಿಯ ತೋಳನ್ನು ಹಿಡಿದು ಪಕ್ಕಕ್ಕೆ ಎಳೆದು, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು.

"ಶ್ರೀ ಅಂತ ಹಾಕ್ಸು. ನಿಮ್ಮಪ್ಪ ಮನಿಯಿಂದ ಹರಿಹರದ ತಂಕ ಸತ್ತಿದ್ರಲ್ಲ, ನಂಗೆ ಅಷ್ಟು ಸಾಕು."